ಆರು ಸಣ್ಣ ಬಾಟಲಿಗಳು: ಬಸುರಿಯರು ಸುಗಂಧ ತೈಲ ಬಳಸಬಹುದಾ?

ಕಳೆದ ವರ್ಷ ಒಂದು ಗುರುವಾರ ರಾತ್ರಿ. ಮರುದಿನ ರಜೆ, ಬೇಗ ಶಟರ್ ಎಳೆದು ಮನೆಗೆ ಹೋಗೋಣ ಅಂತ ನಾನು ಲೆಕ್ಕ ಮುಗಿಸ್ತಾ ಇದ್ದೆ. ನಾನು ಕೆಲಸ ಮಾಡುವ ಫಾರ್ಮಸಿ ಇರೋದು ಮದೀನತ್ ಸುಲ್ತಾನ್ ಖಾಬೂಸಿನಲ್ಲಿ. ಇಷ್ಟುದ್ದ ಹೆಸರು ಯಾರು ಹೇಳ್ತಾರೆ, ಟ್ಯಾಕ್ಸಿಯವರಿಂದ ಹಿಡಿದು ಎಲ್ಲರೂ ಎಂ.ಕ್ಯೂ. ಅಂತಲೇ ಕರೆಯೋದು. ದೊಡ್ಡ ದೊಡ್ಡ ವಿಲ್ಲಾಗಳ ಜಾಗ. ವಿಲ್ಲಾದೊಳಗೆ ಇರುವವರು ಒಂದು ಥರ, ಅಲ್ಲಿಗೆ ಕೆಲಸಕ್ಕೆ ಬಂದು ಹೋಗುವ ನಾವು ಇನ್ನೊಂದು ಥರ. ಔಷಧಿ ಅಂಗಡಿಗೆ ಮಾತ್ರ ಇಬ್ಬರೂ ಬರ್ತಾರೆ.

ಬಂದವಳು ಕುಂದಾಪುರ ಕಡೆಯ ಹುಡುಗಿ. ಹತ್ತಿರದ ಒಂದು ಬ್ಯೂಟಿ ಸಲೂನಿನಲ್ಲಿ ಕೆಲಸ. ಗಂಡ ಘಾಲಾದಲ್ಲಿ ಡ್ರೈವರ್. ಏಳು ತಿಂಗಳ ಬಸುರಿ. "ಅಕ್ಕ, ಸ್ವಲ್ಪ ಕನ್ನಡದಲ್ಲೇ ಮಾತಾಡ್ಬಹುದಾ?" ಅಂದವಳೇ ಪ್ಲಾಸ್ಟಿಕ್ ಕವರಿನಿಂದ ಐದು ಸಣ್ಣ ಬಾಟಲಿ ತೆಗೆದು ಕೌಂಟರಿನ ಮೇಲೆ ಸಾಲಾಗಿ ಇಟ್ಟಳು. ಲ್ಯಾವೆಂಡರ್, ಪೆಪ್ಪರ್‌ಮಿಂಟ್, ಲೆಮನ್, ಕ್ಲೇರಿ ಸೇಜ್ ಅಂತ ಒಂದು, ಮತ್ತೆ ಮತ್ರಾ ಸೂಕಿನಿಂದ ಯಾರೋ ತಂದುಕೊಟ್ಟ ಲುಬಾನ್ ಎಣ್ಣೆ. ಸಲೂನಿನಲ್ಲಿ ದಿನವಿಡೀ ಗಿರಾಕಿಗಳಿಗೆ ಮಸಾಜ್ ಮಾಡುವ ಎಣ್ಣೆಗಳು ಇವು. ಆ ದಿನ ಜೊತೆಯವಳೊಬ್ಬಳು, "ಕ್ಲೇರಿ ಸೇಜ್ ಮೂಸಿದರೆ ಮಗು ಬಿದ್ದು ಹೋಗ್ತದೆ, ಗೊತ್ತಿಲ್ವಾ ನಿಂಗೆ?" ಅಂತ ಹೇಳಿಬಿಟ್ಟಿದ್ದಾಳೆ. ಏಳು ತಿಂಗಳಿಂದ ಅದೇ ಎಣ್ಣೆ ಕೈಗೆ ಬಳಿದುಕೊಂಡವಳಿಗೆ ಹೇಗಾಗಬೇಡ? ಕಣ್ಣಲ್ಲಿ ನೀರಿತ್ತು.

ಅವಳಿಗೆ ಆ ರಾತ್ರಿ ಹೇಳಿದ್ದನ್ನೇ, ಸ್ವಲ್ಪ ವಿಸ್ತಾರ ಮಾಡಿ ಇಲ್ಲಿ ಬರೀತಿದ್ದೇನೆ. ಇದೇ ಪ್ರಶ್ನೆಯನ್ನು ಬೇರೆ ಬೇರೆ ಬಾಯಲ್ಲಿ ತುಂಬಾ ಸಲ ಕೇಳಿದ್ದೇನೆ.

ಮೊದಲಿಗೆ "ಎಣ್ಣೆ" ಅನ್ನೋ ಪದವೇ ನಮಗೆ ಮೋಸ ಮಾಡ್ತದೆ. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ಹರಳೆಣ್ಣೆ ಇವು ಗಾಣದಲ್ಲಿ ಹಿಂಡಿದ ಕೊಬ್ಬು. ಅಮ್ಮ ತಲೆಗೆ ತಟ್ಟುತ್ತಿದ್ದದ್ದು, ಬಾಣಂತಿಗೆ ಹಚ್ಚಿ ನೀರು ಹಾಕುವುದು ಇದೇ. ಎಸೆನ್ಷಿಯಲ್ ಆಯಿಲ್ ಅನ್ನುವುದು ಆ ಜಾತಿಯೇ ಅಲ್ಲ. ಎಲೆ, ಹೂವು, ತೊಗಟೆ, ಅಂಟು ಇವನ್ನು ಹಬೆಯಲ್ಲಿ ಬೇಯಿಸಿ, ಆ ಹಬೆಯ ಜೊತೆ ಹಾರಿ ಬರುವ ವಾಸನೆಯ ಅಂಶವನ್ನು ತಣ್ಣಗೆ ಮಾಡಿ ಹಿಡಿದದ್ದು. 1916ರಲ್ಲಿ ಮೈಸೂರಿನಲ್ಲಿ ಶುರುವಾದ ನಮ್ಮ ಗಂಧದೆಣ್ಣೆ ಕಾರ್ಖಾನೆಯಲ್ಲಿ ಮಾಡುತ್ತಿದ್ದದ್ದೂ ಹೀಗೇ. ಒಂದು ಕೆ.ಜಿ. ಗುಲಾಬಿ ಎಣ್ಣೆಗೆ ಮೂರು-ನಾಲ್ಕು ಸಾವಿರ ಕೆ.ಜಿ. ಎಸಳು ಬೇಕು. ಅಂದ ಮೇಲೆ ಅದು ಎಷ್ಟು ಗಟ್ಟಿ ಸರಕು ಅಂತ ನೀವೇ ಲೆಕ್ಕ ಹಾಕಿ. ಗುರುತು ಹಿಡಿಯುವುದು ಸುಲಭ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಡಿ. ಕೊಬ್ಬರಿ ಎಣ್ಣೆ ಆದರೆ ಜಿಡ್ಡಿನ ಕಲೆ ನಾಳೆಯೂ ಇರುತ್ತದೆ. ಪೆಪ್ಪರ್‌ಮಿಂಟ್, ನೀಲಗಿರಿ ಆದರೆ ಸ್ವಲ್ಪ ಹೊತ್ತಿಗೆ ಹಾರಿಹೋಗಿ ಕಾಗದ ಒಣಗುತ್ತದೆ.

ಈ ಹಾರುವ ಅಂಶಗಳು ಬಹಳ ಸಣ್ಣ ಕಣಗಳು, ಕೊಬ್ಬಿನಲ್ಲಿ ಸುಲಭವಾಗಿ ಕರಗುವಂಥವು. ಮೂಗಿನಿಂದ ಶ್ವಾಸಕೋಶಕ್ಕೆ, ಚರ್ಮದಿಂದ ರಕ್ತಕ್ಕೆ, ರಕ್ತದಿಂದ ಮಾಸು ದಾಟಿ ಮಗುವಿನ ಕಡೆಗೂ ಹೋಗಬಲ್ಲವು. ಹಾಗಂತ ಮೂಸಿದ್ದೆಲ್ಲ ವಿಷ ಅಂತ ಅಲ್ಲ. ಮೂಸಿದಾಗ ಒಳಗೆ ಹೋಗುವುದು ತೀರಾ ಸ್ವಲ್ಪ. ತೆಳು ಮಾಡಿ ಹಚ್ಚಿದಾಗ ಸ್ವಲ್ಪ ಹೆಚ್ಚು. ಬಾಯಿಗೆ ಹಾಕಿಕೊಂಡರೆ ಪೂರ್ತಿ. ಈ ಮೂರು ಮೆಟ್ಟಿಲು ನೆನಪಿಟ್ಟುಕೊಂಡರೆ ಮುಕ್ಕಾಲು ಗೊಂದಲ ಹೋಗ್ತದೆ.

ಇನ್ನು ಅವಳ ಬಾಟಲಿಗಳಿಗೆ ಬರೋಣ.

ಅವಳು ಹೆದರಿದ್ದ ಕ್ಲೇರಿ ಸೇಜ್. ಇದು ಗರ್ಭಕೋಶ ಬಿಗಿಯುವಂತೆ ಮಾಡುತ್ತದೆ ಅನ್ನೋ ನಂಬಿಕೆ ಹಳೆಯದು. ಹೆರಿಗೆ ನೋವು ಶುರುವಾದ ಮೇಲೆ ಕೆಲವು ಸೂಲಗಿತ್ತಿಯರು ಅದನ್ನು ಬಳಸುವುದೂ ಇದೇ ಕಾರಣಕ್ಕೆ. ಇಂಗ್ಲೆಂಡಿನ ಆಕ್ಸ್‌ಫರ್ಡಿನ ಜಾನ್ ರಾಡ್‌ಕ್ಲಿಫ್ ಆಸ್ಪತ್ರೆಯಲ್ಲಿ 1990ರಿಂದ 1998ರವರೆಗೆ 8,058 ತಾಯಂದಿರಿಗೆ ಹೆರಿಗೆ ಸಮಯದಲ್ಲಿ ಸುಗಂಧ ತೈಲ ಬಳಸಿ ಲೆಕ್ಕ ಇಟ್ಟರು. ಕ್ಲೇರಿ ಸೇಜ್, ಲ್ಯಾವೆಂಡರ್ ಎರಡೂ ಅದರಲ್ಲಿದ್ದವು. ತೊಂದರೆ ಆಯಿತು ಅಂದವರು ನೂರಕ್ಕೆ ಒಬ್ಬರು, ಅದೂ ವಾಕರಿಕೆ, ತುರಿಕೆ, ತಲೆನೋವಿನಂಥವು. ಆದರೆ ಅದು ತರಬೇತಿ ಪಡೆದ ದಾದಿಯರ ಕೈಯಲ್ಲಿ, ತಿಂಗಳು ತುಂಬಿದ ಮೇಲೆ, ಆಸ್ಪತ್ರೆಯೊಳಗೆ. ಏಳನೇ ತಿಂಗಳಲ್ಲಿ ಸಲೂನಿನಲ್ಲಿ ಎಂಟು ಗಂಟೆ ಕೈಯಾಡಿಸುವುದಕ್ಕೆ ಆ ಲೆಕ್ಕ ಅನ್ವಯಿಸುವುದಿಲ್ಲ. ಹಾಗಾಗಿ ನಾನು ಹೇಳಿದ್ದು ಇಷ್ಟೇ: "ಮೂಸಿದ್ದಕ್ಕೆ ಮಗು ಬೀಳೋದಿಲ್ಲ, ಅಳಬೇಡ. ಆದರೆ ನಾಳೆಯಿಂದ ಅದನ್ನು ಬೇರೆಯವರು ಮಾಡಲಿ. ನಿನಗೆ ಮಾಡಲೇಬೇಕಾಗಿ ಬಂದರೆ ಕೈಗೆ ಗ್ಲೌಸ್, ಕೋಣೆಗೆ ಫ್ಯಾನ್."

ಲೆಮನ್, ಲ್ಯಾವೆಂಡರ್ ಎರಡೂ ಈ ಪೈಕಿ ಸಾಧು. 2014ರಲ್ಲಿ ಪ್ರಕಟವಾದ ಇರಾನಿನ ಒಂದು ಅಧ್ಯಯನದಲ್ಲಿ 100 ಗರ್ಭಿಣಿಯರಲ್ಲಿ ಅರ್ಧ ಜನರಿಗೆ ನಿಂಬೆ ಎಣ್ಣೆ, ಇನ್ನರ್ಧಕ್ಕೆ ಬರೀ ಬಾದಾಮಿ ಎಣ್ಣೆ ಮೂಸಲು ಕೊಟ್ಟರು. ನಿಂಬೆ ಮೂಸಿದವರ ವಾಕರಿಕೆ ಸ್ವಲ್ಪ ಕಡಿಮೆಯಾಯಿತು. ಇದಕ್ಕೆ ಬಾಟಲಿ ಯಾಕೆ ಬೇಕು ಅಂತ ನನ್ನ ಪ್ರಶ್ನೆ! ಲುಲುವಿನಿಂದ ಒಂದು ನಿಂಬೆಹಣ್ಣು ತಂದು ಉಗುರಿನಿಂದ ಸಿಪ್ಪೆ ಗೀರಿ ಮೂಸಿದರೆ ಅದೇ ಎಣ್ಣೆ ಬರುತ್ತದೆ. ಬಸ್ಸಿನಲ್ಲಿ ಘಾಟಿ ಇಳಿಯುವಾಗ ನಮ್ಮಜ್ಜಿ ಮಾಡುತ್ತಿದ್ದದ್ದೂ ಅದೇ.

ಪೆಪ್ಪರ್‌ಮಿಂಟ್ ವಿಷಯಕ್ಕೆ ಬಂದಾಗ ಅವಳು ಮುಖ ಕೆಳಗೆ ಹಾಕಿದಳು. ಮೊದಲ ನಾಲ್ಕು ತಿಂಗಳು ಕೆಲಸದ ಜಾಗದಲ್ಲಿ ಯಾರಿಗೂ ಹೇಳಿರಲಿಲ್ಲವಂತೆ. ಬಸುರಿ ಅಂತ ಗೊತ್ತಾದರೆ ಕೆಲಸ ಹೋಗ್ತದೆ ಅಂತ ಹೆದರಿಕೆ. ವಾಂತಿ ಬಂದರೆ ಸಿಕ್ಕಿಬೀಳುತ್ತೇನೆ ಅಂತ ಒಂದು ಲೋಟ ನೀರಿಗೆ ಎರಡು-ಮೂರು ಹನಿ ಪೆಪ್ಪರ್‌ಮಿಂಟ್ ಎಣ್ಣೆ ಹಾಕಿ ಕುಡಿಯುತ್ತಿದ್ದಳು. ಎಣ್ಣೆ ನೀರಲ್ಲಿ ಬೆರೆಯುವುದಿಲ್ಲ, ಮೇಲೆ ತೇಲುತ್ತದೆ. ಮೊದಲ ಗುಟುಕಿನಲ್ಲೇ ಗಟ್ಟಿ ಎಣ್ಣೆ ಗಂಟಲಿಗೆ ಹೋಗುತ್ತದೆ. ಅವಳಿಗೆ ಸಿಕ್ಕಿದ್ದು ಎದೆಯುರಿ. ಪುದೀನ ಚಟ್ನಿ ತಿನ್ನಿ, ಪುದೀನ ಹಾಕಿದ ಚಹಾ ಕುಡಿಯಿರಿ, ತೊಂದರೆ ಇಲ್ಲ. ಬಾಟಲಿಯ ಎಣ್ಣೆ ಬಾಯಿಗೆ ಬೇಡ. ಲವಂಗ, ದಾಲ್ಚಿನ್ನಿ, ಓಮ, ತುಳಸಿ ಎಲ್ಲಕ್ಕೂ ಇದೇ ಮಾತು. ಸಾರಿಗೆ ಹಾಕಿದ ಲವಂಗ ಬೇರೆ, ಲವಂಗದ ಎಣ್ಣೆ ಬೇರೆ. "ನಮ್ಮ ಕಂಪನಿ ಎಣ್ಣೆ ನೂರಕ್ಕೆ ನೂರು ಶುದ್ಧ, ಕುಡಿಯಬಹುದು" ಅಂತ ಕಿಟ್ ಮಾರಲು ಫ್ಲ್ಯಾಟಿಗೆ ಬರುವವರು ಹೇಳ್ತಾರಲ್ಲ, ನಾನಾದರೆ ಆ ಮಾತಿಗೇ ಹೆದರುತ್ತೇನೆ. ಶುದ್ಧ ಇದ್ದಷ್ಟೂ ಖಾರ ಜಾಸ್ತಿ ತಾನೆ?

(ಆ ಹೆದರಿಕೆ ಬಗ್ಗೆ ಒಂದು ಮಾತು. ಒಮಾನಿನ ಹೊಸ ಕಾರ್ಮಿಕ ಕಾನೂನು, 2023ರ 53ನೇ ರಾಜಾಜ್ಞೆ, ಹೆರಿಗೆಗೆ 98 ದಿನ ರಜೆ ಕೊಡುತ್ತದೆ. ಬಸುರಿ ಅನ್ನುವ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಆ ಕಾನೂನಿನ ಪ್ರಕಾರ ಅನ್ಯಾಯದ ವಜಾ. ಮನೆಗೆಲಸದವರು ಮಾತ್ರ ಈ ಕಾನೂನಿನ ಹೊರಗೇ ಉಳಿದಿದ್ದಾರೆ, ಅದು ಬೇಜಾರಿನ ವಿಷಯ. ಸಲೂನ್, ಅಂಗಡಿ, ಆಫೀಸಿನಲ್ಲಿ ಇರುವವರು ಮುಚ್ಚಿಡುವ ಅಗತ್ಯ ಇಲ್ಲ. ಮುಚ್ಚಿಟ್ಟಷ್ಟು ದಿನ ಡಾಕ್ಟರ ಹತ್ತಿರವೂ ಹೋಗುವುದಿಲ್ಲ, ಅದೇ ದೊಡ್ಡ ನಷ್ಟ.)

ಲುಬಾನ್ ಇಲ್ಲಿಯ ಮಣ್ಣಿನದೇ. ಸಲಾಲಾ ಕಡೆ ಧೋಫಾರಿನ ಮರಗಳ ಅಂಟು. ಒಮಾನಿ ಮನೆಗಳಲ್ಲಿ ಒಳ್ಳೆಯ ಹೊಜಾರಿ ಲುಬಾನನ್ನು ರಾತ್ರಿ ನೀರಿನಲ್ಲಿ ನೆನೆಸಿ ಬೆಳಿಗ್ಗೆ ಕುಡಿಯುವ ಪದ್ಧತಿ ಇದೆ, ಬಸುರಿಯರಿಗೂ ಕೊಡುತ್ತಾರೆ. ಕೆಲಸದ ಮನೆಯ ಮಾಮಾ ಪ್ರೀತಿಯಿಂದ ಕೊಟ್ಟರೆ ಬೇಡ ಅನ್ನುವುದು ಹೇಗೆ ಅಂತ ನಮ್ಮವರು ಕೇಳ್ತಾರೆ. ಇಲ್ಲಿ ಮೂರು ವಸ್ತು ಬೇರೆ ಬೇರೆ ಅಂತ ತಿಳಿಯಬೇಕು. ನೆನೆಸಿದ ನೀರು ಒಂದು, ಹಬೆಯಲ್ಲಿ ಇಳಿಸಿದ ಎಣ್ಣೆ ಇನ್ನೊಂದು, ಕೆಂಡದ ಹೊಗೆ ಮತ್ತೊಂದು. ನೀರು ಅಪರೂಪಕ್ಕೆ ಒಂದು ಗುಟುಕು ಕುಡಿದದ್ದಕ್ಕೆ ಗಾಬರಿಯಾಗಬೇಡಿ. ಆದರೆ ದಿನಾ ಲೋಟಗಟ್ಟಲೆ ಕುಡಿಯುವ ಮುಂಚೆ ಡಾಕ್ಟರಿಗೆ ಹೇಳಿ. ಎಣ್ಣೆ ಕುಡಿಯಬೇಡಿ. ಲುಬಾನಿನ ಪಕ್ಕದಲ್ಲೇ ಮಾರುವ "ಮುರ್", ಅಂದರೆ ನಮ್ಮ ಬೋಳ, ಅದನ್ನು ಮಾತ್ರ ಬಸುರಿಯರು ಮುಟ್ಟದಿರುವುದು ಒಳ್ಳೆಯದು. ಗರ್ಭಕೋಶ ಬಿಗಿಯುವ ವಸ್ತು ಅಂತಲೇ ಅದಕ್ಕೆ ಹಿಂದಿನಿಂದ ಹೆಸರು.

ಹೊಗೆಯ ವಿಷಯ ನನಗೆ ಎಣ್ಣೆಗಿಂತ ಚಿಂತೆ. ಸುಲ್ತಾನ್ ಖಾಬೂಸ್ ವಿಶ್ವವಿದ್ಯಾಲಯದವರು ಒಮಾನಿ ಮಕ್ಕಳ ಮೇಲೆ ಮಾಡಿದ ಅಧ್ಯಯನದಲ್ಲಿ, ಬಖೂರ್ ಹೊಗೆಯಿಂದ ಆಸ್ತಮಾ ಹುಟ್ಟುತ್ತದೆ ಅಂತ ಕಾಣಲಿಲ್ಲ, ಆದರೆ ಆಸ್ತಮಾ ಇರುವ ಮಕ್ಕಳಲ್ಲಿ ಉಬ್ಬಸ ಕೆರಳುತ್ತದೆ ಅಂತ ಕಂಡಿತು. ವಿಲ್ಲಾದ ದೊಡ್ಡ ಹಾಲಿನಲ್ಲಿ ಮಜ್‌ಮರ್ ಇಟ್ಟರೆ ಹೊಗೆ ಹರಡಿಹೋಗುತ್ತದೆ. ನಮ್ಮ ಒಂದು ರೂಮಿನ ಮನೆ, ಜೂನ್ ತಿಂಗಳ ಸೆಖೆ, ಎಲ್ಲ ಕಿಟಕಿ ಮುಚ್ಚಿ ಏಸಿ ಹಾಕಿ ಅದರೊಳಗೆ ಇದ್ದಿಲ ಕೆಂಡ ಇಟ್ಟರೆ? ಇದ್ದಿಲು ಉರಿದಾಗ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ತಾಯಿಯ ರಕ್ತಕ್ಕಿಂತ ಹೊಟ್ಟೆಯೊಳಗಿನ ಮಗುವಿನ ರಕ್ತ ಅದನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಬಿಡುವುದೂ ನಿಧಾನ. ಸಾಂಬ್ರಾಣಿ ಹಾಕಲೇಬೇಕು ಅಂದರೆ ಕಿಟಕಿ ತೆರೆದು, ಬಸುರಿ ಹೊರಗಿದ್ದಾಗ ಹಾಕಿ, ಹೊಗೆ ಹೋದ ಮೇಲೆ ಒಳಗೆ ಬನ್ನಿ.

ಐದು ಬಾಟಲಿ ಮುಗಿಯಿತು. ಅವಳ ಮುಖದಲ್ಲಿ ಸ್ವಲ್ಪ ಸಮಾಧಾನ ಬಂತು. ಹೊರಡುವಾಗ ನಾನು ಸುಮ್ಮನೆ ಕೇಳಿದೆ, "ಸೊಂಟನೋವು ಇಲ್ವಾ? ಇಡೀ ದಿನ ನಿಂತೇ ಕೆಲಸ ಮಾಡ್ತೀಯಲ್ಲ?"

"ಇದೆ ಅಕ್ಕ. ಅದಕ್ಕೆ ಇದು ಹಚ್ಕೊಳ್ತೇನೆ" ಅಂತ ಕೈಚೀಲದಿಂದ ಆರನೇ ಬಾಟಲಿ ತೆಗೆದಳು. ಅರ್ಧಕ್ಕಿಂತ ಹೆಚ್ಚು ಖಾಲಿ.

ನೋವಿನ ಎಣ್ಣೆ. ಗಲ್ಫಿನಿಂದ ಊರಿಗೆ ಹೋಗುವ ಯಾರ ಪೆಟ್ಟಿಗೆಯಲ್ಲಿ ಇದಿಲ್ಲ ಹೇಳಿ? ತಲೆನೋವು, ಶೀತ, ಮಂಡಿನೋವು, ಸೊಳ್ಳೆ ಕಡಿತ ಎಲ್ಲಕ್ಕೂ ಅದೇ. ಅವಳಿಗೆ ಅದು "ಎಸೆನ್ಷಿಯಲ್ ಆಯಿಲ್" ಅನ್ನೋ ಲೆಕ್ಕದಲ್ಲೇ ಇರಲಿಲ್ಲ, ಅದು ಮನೆಯ ಎಣ್ಣೆ. ದಿನಕ್ಕೆ ಮೂರು ಸಲ ಸೊಂಟ, ತೊಡೆ, ಮೀನಖಂಡಕ್ಕೆ ತಿಕ್ಕಿ, ಮೇಲಿಂದ ಬಟ್ಟೆ ಕಟ್ಟಿ ಮಲಗುತ್ತಿದ್ದಳು. ಎರಡು ತಿಂಗಳಿಂದ.

ಇಂಥ ಎಣ್ಣೆಗಳ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ: ಮೆಂಥಾಲ್, ನೀಲಗಿರಿ ಎಣ್ಣೆ, ಕರ್ಪೂರ, ಮೀಥೈಲ್ ಸ್ಯಾಲಿಸಿಲೇಟ್. ಈ ಕೊನೆಯದು ವಿಂಟರ್‌ಗ್ರೀನ್ ಎಣ್ಣೆಯ ಮುಖ್ಯ ವಸ್ತು, ಆಸ್ಪಿರಿನ್‌ನ ಹತ್ತಿರದ ಸಂಬಂಧಿ. ಬರೀ ವಿಂಟರ್‌ಗ್ರೀನ್ ಎಣ್ಣೆ ಒಂದು ಟೀ ಚಮಚ, ಅಂದರೆ 5 ಮಿ.ಲೀ. ಕುಡಿದರೆ 325 ಮಿ.ಗ್ರಾಂನ ಆಸ್ಪಿರಿನ್ ಮಾತ್ರೆ ಇಪ್ಪತ್ತಕ್ಕಿಂತ ಹೆಚ್ಚು ನುಂಗಿದ ಹಾಗೆ. ಚಿಕ್ಕ ಮಗು ಬದುಕುವುದು ಕಷ್ಟ. ಹಚ್ಚಿದಾಗ ಅಷ್ಟು ಒಳಗೆ ಹೋಗುವುದಿಲ್ಲ, ನಿಜ. ಆದರೆ ಅಗಲ ಜಾಗಕ್ಕೆ, ದಿನಾ, ತಿಕ್ಕಿ, ಬಟ್ಟೆ ಕಟ್ಟಿ, ಬಿಸಿ ಕೊಟ್ಟಾಗ ಒಳಗೆ ಹೋಗುವ ಪಾಲು ಏರುತ್ತದೆ. ಆಸ್ಪಿರಿನ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆಗಳನ್ನು 20 ವಾರ ದಾಟಿದ ಬಸುರಿಯರು ತಾವಾಗಿ ತೆಗೆದುಕೊಳ್ಳಬಾರದು, ಮಗುವಿನ ಕಿಡ್ನಿಗೆ ತೊಂದರೆಯಾಗಿ ಸುತ್ತಲಿನ ನೀರು ಕಡಿಮೆಯಾಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಕೆ ಕೊಟ್ಟಿತು. ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಹತ್ತಿರದ ಒಂದು ರಕ್ತನಾಳ ಹೊತ್ತಿಗೆ ಮುಂಚೆಯೇ ಮುಚ್ಚಿಕೊಳ್ಳುವ ಅಪಾಯವೂ ಇದೆ. ಅದಕ್ಕೇ ಆಸ್ಪಿರಿನ್ನಿನ ನೆಂಟನನ್ನು ದಿನಕ್ಕೆ ಮೂರು ಸಲ ಹಚ್ಚಿಕೊಳ್ಳುವುದು ನನಗೆ ಒಪ್ಪಿಗೆ ಇಲ್ಲ. (ಬಿ.ಪಿ. ಏರಬಾರದು ಅಂತ ಡಾಕ್ಟರು ಸಣ್ಣ ಪ್ರಮಾಣದ ಆಸ್ಪಿರಿನ್ ಬರೆದುಕೊಟ್ಟಿದ್ದರೆ ಅದು ಬೇರೆ. ಇದನ್ನು ಓದಿ ಅದನ್ನು ನಿಲ್ಲಿಸಬೇಡಿ ಮಾರಾಯ್ರೆ.)

ಕರ್ಪೂರದ ಕಥೆ ಇನ್ನೂ ಗಂಭೀರ. ಹಿಂದೆ ಅಮೆರಿಕದಲ್ಲಿ ಕರ್ಪೂರದ ಎಣ್ಣೆಯನ್ನು ಹರಳೆಣ್ಣೆ ಅಂತ ತಪ್ಪು ತಿಳಿದು ಕುಡಿದವರು ಬಹಳ. ಎರಡೂ ಅಂಗಡಿಯಲ್ಲಿ ಅಕ್ಕಪಕ್ಕ ಇರುತ್ತಿದ್ದ ಬಾಟಲಿಗಳು. ಅದರಲ್ಲಿ ಬಸುರಿಯರೂ ಇದ್ದರು. ತಾಯಿಗೆ ಫಿಟ್ಸ್ ಬಂತು. ಕರ್ಪೂರ ಮಾಸು ದಾಟಿ ಮಗುವಿಗೂ ಹೋಗಿದ್ದು ಗೊತ್ತಾಯಿತು. ಕೊನೆಗೆ 1980ರ ದಶಕದ ಆರಂಭದಲ್ಲಿ ಅಲ್ಲಿ ಕರ್ಪೂರದ ಎಣ್ಣೆಯ ಮಾರಾಟವನ್ನೇ ನಿಲ್ಲಿಸಿ, ಬಾಮುಗಳಲ್ಲಿ ಕರ್ಪೂರ ನೂರಕ್ಕೆ 11 ಭಾಗ ಮೀರಬಾರದು ಅಂತ ಮಿತಿ ಹಾಕಿದರು. ನಮ್ಮಲ್ಲಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಪೂಜೆಯ ಕರ್ಪೂರ ಪುಡಿ ಮಾಡಿ ಹಾಕಿ ಎದೆಗೆ ಹಚ್ಚುತ್ತಾರಲ್ಲ, ಅದಕ್ಕೆ ಅಳತೆ ಯಾರದ್ದು? ಬಸುರಿಗೂ ಬೇಡ, ಹಸುಗೂಸಿಗಂತೂ ಬೇಡವೇ ಬೇಡ. ನೀಲಗಿರಿ ಎಣ್ಣೆಯೂ ಅಷ್ಟೇ, ಒಂದು ಚಮಚ ಕುಡಿದ ಮಗುವಿಗೆ ಫಿಟ್ಸ್ ಬರಬಹುದು. ಶೀತಕ್ಕೆ ಬರೀ ಬಿಸಿನೀರಿನ ಹಬೆ ಸಾಕು.

ಎಣ್ಣೆ ಕುಡಿದು ಬಸಿರು ಇಳಿಸಬಹುದು ಅಂತ ಗುಟ್ಟಾಗಿ ಕೇಳುವವರೂ ಬರ್ತಾರೆ. ಬೈಯುವುದಿಲ್ಲ, ಅವರ ಕಷ್ಟ ಅವರಿಗೆ. ಆದರೆ 1978ರಲ್ಲಿ ಅಮೆರಿಕದ ಕೊಲರಾಡೋದಲ್ಲಿ 18 ವರ್ಷದ ಹುಡುಗಿಯೊಬ್ಬಳು ಪೆನ್ನಿರಾಯಲ್ ಅನ್ನುವ ಪುದೀನ ಜಾತಿಯ ಗಿಡದ ಎಣ್ಣೆಯನ್ನು ಸುಮಾರು 30 ಮಿ.ಲೀ. ಕುಡಿದಳು. ಲಿವರ್ ಕೆಟ್ಟು ಒಂದು ವಾರದಲ್ಲಿ ತೀರಿಕೊಂಡಳು. ಇಂಥ ಎಣ್ಣೆ ಬಸಿರನ್ನು ಇಳಿಸುವುದು ತಾಯಿಯನ್ನು ಕೊಲ್ಲುವ ಪ್ರಮಾಣಕ್ಕೆ ಹತ್ತಿರ ಹೋದಾಗ, ಆಗಲೂ ಖಾತ್ರಿ ಇಲ್ಲ. ಕಷ್ಟ ಇದ್ದರೆ ಡಾಕ್ಟರ ಹತ್ತಿರ ಮಾತಾಡಿ, ಬಾಟಲಿ ಹತ್ತಿರ ಅಲ್ಲ.

ಹಚ್ಚಲೇಬೇಕು ಅನ್ನಿಸುವವರಿಗೆ ಅಳತೆ ಹೇಳಿಬಿಡುತ್ತೇನೆ. ಮೊದಲ ಮೂರು ತಿಂಗಳು ಏನೂ ಬೇಡ. ಆಮೇಲೆ, ಡಾಕ್ಟರು ಹೂಂ ಅಂದರೆ, ಲ್ಯಾವೆಂಡರಿನಂಥ ಸಾಧು ಎಣ್ಣೆ ನೂರಕ್ಕೆ ಒಂದು ಪಾಲು. ಒಂದು ಮಿ.ಲೀ.ಗೆ ಸುಮಾರು 20 ಹನಿ, ಒಂದು ಟೀ ಚಮಚಕ್ಕೆ 100 ಹನಿ. ಹಾಗಾಗಿ ಒಂದು ಚಮಚ ಕೊಬ್ಬರಿ ಎಣ್ಣೆಗೆ ಒಂದೇ ಹನಿ. ಡಿಫ್ಯೂಸರ್ ಇದ್ದರೆ ಅರ್ಧ ಗಂಟೆ ಹಾಕಿ ಆರಿಸಿ, ರಾತ್ರಿಯಿಡೀ ಬೇಡ. ಆಸ್ತಮಾ, ಫಿಟ್ಸ್, ಬಿ.ಪಿ. ಇರುವವರು, ಹಿಂದೆ ಗರ್ಭಪಾತ ಆದವರು, ರಕ್ತಸ್ರಾವ ಕಂಡವರು ಆ ದಾರಿಗೇ ಹೋಗಬೇಡಿ. ಯಾರಾದರೂ ಕುಡಿದೇ ಬಿಟ್ಟರೆ ಬಲವಂತವಾಗಿ ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದೇ ದೊಡ್ಡ ಅನಾಹುತ. 9999ಕ್ಕೆ ಫೋನ್ ಮಾಡಿ, ಬಾಟಲಿ ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ.

ಇನ್ನೊಂದು, ಎಣ್ಣೆ ಅಲ್ಲದಿದ್ದರೂ ಅದರ ಅಣ್ಣತಮ್ಮ. ಊರಿಂದ ಬರುವ ಮಗುವಿನ ಹಳೆ ಬಟ್ಟೆ, ತೊಟ್ಟಿಲ ಸೀರೆ ಟ್ರಂಕಿನಲ್ಲಿ ನುಸಿಗುಳಿಗೆ ಜೊತೆ ಇರುತ್ತದೆ. ಅದರಲ್ಲಿರುವ ನ್ಯಾಫ್ತಲೀನ್, ಜಿ6ಪಿಡಿ ಕೊರತೆ ಇರುವ ಹಸುಗೂಸಿನ ರಕ್ತ ಒಡೆಯುವಂತೆ ಮಾಡಿ ಜೋರು ಕಾಮಾಲೆ ತರಬಹುದು. ತೊಳೆದು, ಇಲ್ಲಿಯ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಆಮೇಲೆ ಹಾಕಿ. ಬಿಸಿಲಿಗೇನು ಬರ ಇಲ್ಲವಲ್ಲ.

ಆ ಹುಡುಗಿ ಭಾನುವಾರವೇ ಡಾಕ್ಟರ ಹತ್ತಿರ ಹೋದಳು. ನಾನು ಹೇಳಿಕೊಟ್ಟ ಹಾಗೆ ಆರನೇ ಬಾಟಲಿಯನ್ನೂ ತೋರಿಸಿದಳು. ಸ್ಕ್ಯಾನ್ ಮಾಡಿ ಮಗುವಿನ ಸುತ್ತಲಿನ ನೀರು ಅಳೆದರು, ಸರಿಯಿತ್ತು. ಎಣ್ಣೆ ನಿಲ್ಲಿಸಿ, ಸೊಂಟಕ್ಕೆ ಬೆಚ್ಚಗಿನ ಕೊಬ್ಬರಿ ಎಣ್ಣೆ, ಮಲಗುವಾಗ ಎಡಮಗ್ಗುಲು, ಮಂಡಿ ನಡುವೆ ದಿಂಬು, ತಡೆಯಲಾಗದಿದ್ದರೆ ಪ್ಯಾರಾಸಿಟಮಾಲ್ ಇಷ್ಟು ಅಂತ ಬರೆದುಕೊಟ್ಟರು. ಸಲೂನಿನಲ್ಲಿ ಮಸಾಜ್ ಬಿಡಿಸಿ ಕೌಂಟರಿಗೆ ಕೂರಿಸಿದರಂತೆ. ಕೇಳಿದ ಮೇಲೆ ಕೊಟ್ಟರು, ಕೇಳಿರಲೇ ಇಲ್ಲ ಇಷ್ಟು ದಿನ.

ತಡವಾದರೆ ವಿಮಾನದವರು ಹತ್ತಿಸುವುದಿಲ್ಲ ಅಂತ ಡಾಕ್ಟರ ಸರ್ಟಿಫಿಕೇಟ್ ಹಿಡಿದುಕೊಂಡು ಎಂಟನೇ ತಿಂಗಳ ಮೊದಲ ವಾರ ಊರಿಗೆ ಹೋದಳು. ಹೆಣ್ಣುಮಗು, ಎರಡು ಕಿಲೋ ಒಂಬೈನೂರು ಗ್ರಾಂ. ಹೆರಿಗೆಯಾದ ಹತ್ತನೇ ದಿನ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದಳು. ಮಗುವಿನದ್ದಲ್ಲ, ಬಾಟಲಿಯದ್ದು. ಕೆಳಗೆ ಧ್ವನಿ ಸಂದೇಶ: "ಅಕ್ಕ, ಅತ್ತೆ ಇದನ್ನು ಮಗುವಿನ ಎದೆಗೆ ಹಚ್ಚು ಅಂತಿದ್ದಾರೆ. ಹಿಂದೆ ಬರೆದದ್ದು ಓದಿ ಹೇಳಿ." ನಾನು ಫೋಟೋ ದೊಡ್ಡದು ಮಾಡಿ ನೋಡಿದೆ. ಮೂರನೇ ಸಾಲಿನಲ್ಲಿ ಕರ್ಪೂರ ಇತ್ತು.